ಕವಲೊಡೆಯುವ ಕಥೆಗಳಿಂದ ಓದು, ಬರಹ: ಕನ್ನಡ ತರಗತಿಗೊಂದು ಕೈಪಿಡಿ

ನಾಲ್ಕರಿಂದ ಏಳನೆಯ ತರಗತಿಯವರೆಗೆ ಕನ್ನಡ ಕಲಿಸುವ ಎಲ್ಲರೂ ಒಂದು ಬಗೆಯ ಓದುಗರನ್ನು ಬಲ್ಲರು. ಅವರು ಪಾಠವನ್ನು ಎಲ್ಲಿಯೂ ತಡವರಿಸದೆ ಗಟ್ಟಿಯಾಗಿ ಓದಿ ಮುಗಿಸುತ್ತಾರೆ. ಓದಿದ್ದರಲ್ಲಿ ಏನಾಯಿತು, ಅದು ಹಾಗೇಕೆ ಆಯಿತು ಎಂದು ಕೇಳಿದರೆ ಮಾತ್ರ ಪುಸ್ತಕದ ಸಾಲನ್ನೇ ತಿರುಗಿ ಒಪ್ಪಿಸುತ್ತಾರೆ. ಅವರಿಗೆ ಅಕ್ಷರಗಳನ್ನು ಕೂಡಿಸಿ ಉಚ್ಚರಿಸುವುದು ಬಂದಿದೆ, ಓದಿದ್ದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಮುಂದಿನದನ್ನು ಊಹಿಸುವುದು ಬಂದಿಲ್ಲ. ಪಾಠದ ಕೊನೆಯ ಅಭ್ಯಾಸದ ಪ್ರಶ್ನೆಗಳು ಇಂಥ ಮಕ್ಕಳಿಗೆ ಹೆಚ್ಚು ನೆರವಾಗುವುದಿಲ್ಲ, ಏಕೆಂದರೆ ಪ್ರಶ್ನೆ ಬರುವ ಹೊತ್ತಿಗೆ ಕಥೆ ಮುಗಿದುಹೋಗಿರುತ್ತದೆ ಮತ್ತು ಅವರು ಕೊಡುವ ಉತ್ತರದಿಂದ ಅದರಲ್ಲಿ ಏನೂ ಬದಲಾಗುವುದಿಲ್ಲ. ಪ್ರಶ್ನೆ ಕಥೆಯ ನಡುವೆಯೇ ಎದುರಾಗಿ, ಉತ್ತರಕ್ಕೆ ತಕ್ಕಂತೆ ಕಥೆಯ ದಾರಿಯೇ ಬೇರೆಯಾದರೆ ಮಗು ತಿರುಗಿ ನೋಡಿ ಓದುತ್ತದೆ. ಪರದೆಯ ಮೇಲೆ ಕವಲೊಡೆಯುವ ಕಥೆಗಳಿಂದ ಆಗಬಹುದಾದ ಕೆಲಸ ಇದು.

ನಮ್ಮ ಮನೆಗಳಲ್ಲಿ ಕಥೆ ಹೇಳುವ ಹಿರಿಯರು ಕೇಳುವ ಮಕ್ಕಳಿಂದ ‘ಹೂಂ’ ಅನ್ನಿಸಿಕೊಳ್ಳದೆ ಮುಂದೆ ಹೋಗುತ್ತಿರಲಿಲ್ಲ. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕವಲುಕಥೆಯಲ್ಲಿ ಮಗು ಒತ್ತುವ ಕೊಂಡಿಯೂ (ಲಿಂಕ್) ಅಂಥದೇ ಒಂದು ‘ಹೂಂ’, ಆದರೆ ಓದಿದ್ದನ್ನು ತೂಗಿ ನೋಡಿದ ಮೇಲೆ ಹೇಳುವಂಥದು.

ಮುಂದೆ ವಿವರಿಸಿರುವ ಕ್ರಮಕ್ಕೆ ಒಂದು ಲ್ಯಾಪ್‌ಟಾಪ್ ಹಾಗೂ ಒಂದು ಪ್ರೊಜೆಕ್ಟರ್ ಅಥವಾ ಟಿವಿ ಇದ್ದರೆ ಸಾಕು. ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿ ಇದ್ದರೆ ಮಕ್ಕಳು ಜೋಡಿಯಾಗಿ ಕೂತು ಓದಬಹುದು, ಬರೆಯಬಹುದು.

ಸಾಧನದ ಆಯ್ಕೆ

ಈ ಕೆಲಸಕ್ಕೆ ನಾನು ಶಿಫಾರಸು ಮಾಡುವುದು ಟ್ವೈನ್ ಎಂಬ ತಂತ್ರಾಂಶವನ್ನು. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಇದು ಉಚಿತವಾದದ್ದು, ಮುಕ್ತ ಆಕರದ್ದು. ಪ್ರೋಗ್ರಾಮಿಂಗ್ ತಿಳಿಯದವರೂ ಇದನ್ನು ಬಳಸಬಹುದು. ಕಥೆಯ ಒಂದೊಂದು ತುಣುಕನ್ನು ಒಂದೊಂದು ಪೆಟ್ಟಿಗೆಯಲ್ಲಿ ಬರೆಯುತ್ತೇವೆ, ಅದನ್ನು ಪ್ಯಾಸೇಜ್ ಎನ್ನುತ್ತಾರೆ. ಒಂದು ಪ್ಯಾಸೇಜಿನಲ್ಲಿ [[ಗಂಗಿ ಹಳ್ಳಕ್ಕೆ ಇಳಿದಳು]] ಎಂದು ಜೋಡಿ ಚೌಕ ಆವರಣದೊಳಗೆ ಬರೆದರೆ ಓದುಗರಿಗೆ ಅದು ಒತ್ತಬಹುದಾದ ಕೊಂಡಿಯಾಗಿ ಕಾಣುತ್ತದೆ, ಬರೆಯುವವರಿಗೆ ಅದೇ ಹೆಸರಿನ ಹೊಸ ಪ್ಯಾಸೇಜ್ ತಾನಾಗಿಯೇ ಸಿದ್ಧವಾಗುತ್ತದೆ. ಕೊಂಡಿಯ ಮಾತು ಒಂದು, ಅದು ತಲುಪಬೇಕಾದ ಪ್ಯಾಸೇಜಿನ ಹೆಸರು ಇನ್ನೊಂದು ಆಗಬೇಕಾದರೆ ನಡುವೆ ಬಾಣದ ಗುರುತು ಹಾಕಿ [[ಸೇತುವೆಯ ಕಡೆ ಹೋದಳು->ಸೇತುವೆ]] ಎಂದು ಬರೆಯಬೇಕು. ಸರಳವಾದ ಕಥೆಗೆ ಇದಕ್ಕಿಂತ ಹೆಚ್ಚಿನ ತಾಂತ್ರಿಕ ಜ್ಞಾನ ಬೇಕಾಗುವುದಿಲ್ಲ. ‘ಪಬ್ಲಿಷ್ ಟು ಫೈಲ್’ ಒತ್ತಿದರೆ ಇಡೀ ಕಥೆ ಒಂದೇ ಎಚ್‌ಟಿಎಂಎಲ್ ಕಡತವಾಗಿ ಸಿಗುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಇಂಟರ್ನೆಟ್ ಇಲ್ಲದ ಕಂಪ್ಯೂಟರಿನ ಬ್ರೌಸರ್‌ನಲ್ಲಿಯೂ ತೆರೆಯಬಹುದು.

ಕುಣಿಯುವ ಚಿತ್ರಗಳು, ಒತ್ತಿದರೆ ಸದ್ದು ಮಾಡುವ ಪ್ರಾಣಿಗಳು, ನಡುವೆ ಆಟಗಳು ಇರುವ ಕಥಾ ಆ್ಯಪ್‌ಗಳು ಮಕ್ಕಳನ್ನು ಹೆಚ್ಚು ಸೆಳೆಯುವುದಿಲ್ಲವೇ ಎಂದು ಕೇಳಬಹುದು. ಸೆಳೆಯುತ್ತವೆ, ಆದರೆ ಎಳೆಯುವುದು ಕಥೆಯಿಂದ ಆಚೆಗೆ. ಝೋಫಿಯಾ ಟಕಾಚ್, ಎಲಿಸ್ ಸ್ವಾರ್ಟ್ ಮತ್ತು ಆಡ್ರಿಯಾನಾ ಬುಸ್ ಅವರು 43 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದನ್ನೇ ಹೇಳುತ್ತದೆ: ಕಥೆಗೆ ಹೊಂದಿಕೊಂಡ ಚಲಿಸುವ ಚಿತ್ರ, ಸಂಗೀತ ಮತ್ತು ಸದ್ದುಗಳು ಚಿಕ್ಕ ಮಕ್ಕಳ ಗ್ರಹಿಕೆಗೆ ನೆರವಾದರೆ, ನಡುನಡುವೆ ತುರುಕಿದ ಆಟಗಳೂ ಒತ್ತುಗುಂಡಿಗಳೂ ಗಮನವನ್ನು ಒಡೆಯುತ್ತವೆ. ಟ್ವೈನ್‌ನಲ್ಲಿ ಒತ್ತಲು ಇರುವುದು ಕಥೆಯ ಮಾತು ಮಾತ್ರ. ಅದನ್ನು ಒತ್ತಬೇಕಾದರೆ ಓದಲೇಬೇಕು.

ಆಯ್ಕೆಯ ಗುಟ್ಟು ಓದಿದ ಸಾಲಿನಲ್ಲಿರಬೇಕು

ಇಡೀ ವಿಧಾನದ ಬೆಲೆ ನಿಂತಿರುವುದು ಈ ಒಂದು ನಿಯಮದ ಮೇಲೆ. ಮಗು ಎರಡು ದಾರಿಗಳಲ್ಲಿ ಒಂದನ್ನು ಆರಿಸುವಾಗ, ಯಾವುದು ಮೇಲೆಂದು ತಿಳಿಯುವ ಸುಳಿವು ಅದು ಈಗಷ್ಟೇ ಓದಿದ ಪ್ಯಾಸೇಜಿನಲ್ಲಿ ಇರಬೇಕು, ಆದರೆ ಉತ್ತರವಾಗಿ ಬರೆದಿರಬಾರದು. ಒಂದು ಮಾದರಿಯನ್ನು ನೋಡೋಣ.

“ಗಂಗಿ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೊರಟಳು. ನೆತ್ತಿಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಹಳ್ಳದ ದಂಡೆಗೆ ಬಂದು ನೋಡಿದಾಗ ನೀರು ಮೊಣಕಾಲಿನಷ್ಟೇ ಇತ್ತು. ನಿನ್ನೆ ತಿಳಿಯಾಗಿದ್ದ ನೀರು ಇಂದು ಕೆಂಪಗಾಗಿತ್ತು. ಅದರ ಮೇಲೆ ಒಣಗಿದ ಎಲೆ, ಕಡ್ಡಿ ತೇಲಿ ಬರುತ್ತಿದ್ದವು. ದಿಣ್ಣೆ ಬಳಸಿ ಹೋದರೆ ಸೇತುವೆ ಸಿಗುತ್ತದೆ, ಆದರೆ ಅಪ್ಪನ ಊಟ ತಡವಾಗುತ್ತದೆ.”

ಇದರ ಕೆಳಗೆ ಎರಡು ಕೊಂಡಿಗಳು: ‘ಗಂಗಿ ಹಳ್ಳಕ್ಕೆ ಇಳಿದಳು’, ‘ಗಂಗಿ ದಿಣ್ಣೆಯ ದಾರಿ ಹಿಡಿದಳು’. ಪ್ಯಾಸೇಜಿನಲ್ಲಿ ಮಳೆ ಎಂಬ ಮಾತಿಲ್ಲ, ಪ್ರವಾಹ ಎಂಬ ಮಾತೂ ಇಲ್ಲ. ಕೆಂಪು ನೀರನ್ನೂ ತೇಲಿ ಬರುವ ಎಲೆ ಕಡ್ಡಿಗಳನ್ನೂ ಜೋಡಿಸಿ, ಮೇಲೆ ಎಲ್ಲೋ ಮಳೆಯಾಗಿದೆ, ನೀರು ಏರಬಹುದು ಎಂದು ಮಗು ತಾನೇ ಊಹಿಸಬೇಕು. ನೆತ್ತಿಯ ಬಿಸಿಲು ಅದನ್ನು ಬೇರೆ ಕಡೆಗೆ ಎಳೆಯುತ್ತದೆ, ಅಪ್ಪನ ಹಸಿವು ಅವಸರ ಹುಟ್ಟಿಸುತ್ತದೆ. ಹಳ್ಳಿಯ ಮಕ್ಕಳು ಹಳ್ಳದ ಸ್ವಭಾವವನ್ನು ಕಂಡು ಬೆಳೆದವರಾದ್ದರಿಂದ ಅವರ ಅನುಭವ ಓದಿನ ಜೊತೆ ಸೇರಿಕೊಳ್ಳುತ್ತದೆ. ನಗರದ ಮಕ್ಕಳಿಗಾಗಿ ಬರೆಯುವಾಗ ಹಿಂದಿನ ಪ್ಯಾಸೇಜಿನಲ್ಲಿ ಒಬ್ಬ ಅಜ್ಜನ ಬಾಯಿಂದ “ಘಟ್ಟದಲ್ಲಿ ಮಳೆ ಬಿದ್ದರೆ ನಮ್ಮ ಹಳ್ಳಕ್ಕೆ ಬಣ್ಣ ಬರುತ್ತದೆ” ಎಂಬ ಮಾತನ್ನು ಹೇಳಿಸಿಟ್ಟರೆ ಸಾಕು. ಅದನ್ನು ನೆನಪಿಟ್ಟುಕೊಂಡು ಇಲ್ಲಿ ಬಳಸುವುದೇ ಒಂದು ಓದಿನ ಕೌಶಲ.

ಈ ನಿಯಮ ತಪ್ಪುವುದು ಎರಡು ರೀತಿಯಲ್ಲಿ. ‘ಎಡಗಡೆಯ ಬಾಗಿಲು ತೆರೆದಳು’, ‘ಬಲಗಡೆಯ ಬಾಗಿಲು ತೆರೆದಳು’ ಎಂಬಂಥ ಆಯ್ಕೆಗೆ ಸುಳಿವೇ ಇರುವುದಿಲ್ಲ, ಮಗು ಅದೃಷ್ಟ ನೋಡುತ್ತದೆ. ಎರಡನೆಯದು ಇನ್ನೂ ಸಾಮಾನ್ಯ, ಏಕೆಂದರೆ ಮಕ್ಕಳ ಕಥೆ ಎಂದರೆ ನೀತಿಕಥೆ ಎಂಬ ಅಭ್ಯಾಸ ನಮಗೆ ಬಲವಾಗಿದೆ: ‘ಗಂಗಿ ಅಜ್ಜಿಗೆ ಸಹಾಯ ಮಾಡಿದಳು’, ‘ಗಂಗಿ ಸಹಾಯ ಮಾಡದೆ ಓಡಿಹೋದಳು’. ಶಿಕ್ಷಕರಿಗೆ ಯಾವುದು ಮೆಚ್ಚುಗೆ ಎಂಬುದು ಮಗುವಿಗೆ ಒಂದು ಅಕ್ಷರವನ್ನೂ ಓದದೆ ತಿಳಿಯುತ್ತದೆ. ಪರೀಕ್ಷಿಸುವುದಕ್ಕೆ ಸುಲಭದ ಉಪಾಯವಿದೆ. ಪ್ಯಾಸೇಜನ್ನು ಮುಚ್ಚಿ ಕೊಂಡಿಗಳನ್ನು ಮಾತ್ರ ಯಾರಿಗಾದರೂ ತೋರಿಸಿ; ಅವರು ಅನುಮಾನವಿಲ್ಲದೆ ಸರಿಯಾದದ್ದನ್ನು ಆರಿಸಿದರೆ ಆ ಆಯ್ಕೆ ಓದನ್ನು ಬೇಡುತ್ತಿಲ್ಲ, ಅದನ್ನು ತಿದ್ದಬೇಕು.

ಹಳ್ಳಕ್ಕೆ ಇಳಿದ ಗಂಗಿಗೆ ಮುಂದೇನಾಗಬೇಕು? ‘ತಪ್ಪು ಉತ್ತರ’ ಎಂದು ತೋರಿಸುವುದಾಗಲಿ, ಅವಳನ್ನು ಸಾಯಿಸಿ ಕಥೆ ಮುಗಿಸುವುದಾಗಲಿ ಬೇಡ. ನಡುನೀರಿಗೆ ಬರುವಷ್ಟರಲ್ಲಿ ನೀರು ಸೊಂಟಕ್ಕೇರಲಿ, ಅವಳು ದಂಡೆಯ ಹೊಂಗೆಯ ಬೇರು ಹಿಡಿದು ಮರಳಿ ಹತ್ತಲಿ, ಬುತ್ತಿ ನೆನೆದುಹೋಗಲಿ. ಆಮೇಲೆ ಅವಳಿಗೆ ದಿಣ್ಣೆಯ ದಾರಿಯೇ ಗತಿ. ನೀರು ಕೆಂಪಾಗಿದ್ದುದನ್ನು ಅವಳು ನೆನೆದಳು ಎಂಬ ಒಂದು ಸಾಲು ಅಲ್ಲಿರಬಹುದು. ಏಕೆ ಕೆಂಪಾಗಿತ್ತು ಎಂಬ ವಿವರಣೆ ಬೇಡ. ವಿವರಣೆ ಸಿಗದ ಮಗು ಹಿಂದಿನ ಪುಟಕ್ಕೆ ಹೋಗಿ ಹುಡುಕುತ್ತದೆ, ಮತ್ತು ನಾವು ಬಯಸಿದ ಮರುಓದು ಅಲ್ಲಿ ತಾನಾಗಿ ನಡೆಯುತ್ತದೆ.

ದಾರಿಗಳು ಹೀಗೆ ಕವಲೊಡೆದು ಮತ್ತೆ ಕೂಡಿಕೊಳ್ಳುವುದು ಬರೆಯುವವರ ಪ್ರಾಣ ಉಳಿಸುತ್ತದೆ. ಪ್ರತಿ ಪ್ಯಾಸೇಜಿನಲ್ಲೂ ಎರಡೆರಡು ದಾರಿ ತೆರೆದು ಎಲ್ಲಿಯೂ ಕೂಡಿಸದಿದ್ದರೆ ನಾಲ್ಕು ಆಯ್ಕೆಗಳ ಕಥೆಗೆ 31 ಪ್ಯಾಸೇಜುಗಳು ಬೇಕಾಗುತ್ತವೆ, ಒಬ್ಬ ಓದುಗರು ಅವುಗಳಲ್ಲಿ ಐದನ್ನಷ್ಟೇ ಕಾಣುತ್ತಾರೆ. ಹತ್ತು ಹನ್ನೆರಡು ಪ್ಯಾಸೇಜುಗಳು, ಮೂರು ಆಯ್ಕೆಗಳು, ಎರಡು ಮುಕ್ತಾಯಗಳು ಇರುವ ಕಥೆ ಒಂದು ಅವಧಿಯ ತರಗತಿಗೆ ಸಾಕು. ನಾಲ್ಕನೆಯ ತರಗತಿಗೆ ಒಂದೊಂದು ಪ್ಯಾಸೇಜು ನಲವತ್ತು ಐವತ್ತು ಪದಗಳನ್ನು ಮೀರದಿರಲಿ.

ಭಾಷೆಯ ಬಗ್ಗೆಯೂ ಎಚ್ಚರ ಬೇಕು. ಕನ್ನಡದಲ್ಲಿ ಮೂಲಾಕ್ಷರ ಬಂದ ಮೇಲೆ ಕಾಗುಣಿತ, ಒತ್ತಕ್ಷರಗಳು ಗಟ್ಟಿಯಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುತ್ತವೆ ಎಂಬುದನ್ನು ಸೋನಾಲಿ ನಾಗ್ ಅವರು ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿದೆ. ಆದ್ದರಿಂದ ಐದನೆಯ ತರಗತಿಯ ಮಗು ‘ಕಾರ್ಯಾಚರಣೆ’ ಎಂಬಲ್ಲಿ ಎಡವಿದರೆ ಅದು ದಡ್ಡತನವಲ್ಲ. ಕೊಂಡಿಯ ಮಾತುಗಳು ಆದಷ್ಟು ಸುಲಭವಾಗಿರಲಿ, ಏಕೆಂದರೆ ತರಗತಿಯ ಪ್ರತಿ ಮಗುವೂ ಅವನ್ನು ಓದಲೇಬೇಕು. ಕಷ್ಟದ ಪದಗಳು ಪ್ಯಾಸೇಜಿನ ಒಳಗೆ ಬಂದು ಮುಂದಿನ ಪ್ಯಾಸೇಜುಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳಲಿ.

ತರಗತಿಯಲ್ಲಿ ಓದಿಸುವ ಕ್ರಮ

ಮೊದಲ ದಿನ ಕಥೆಯನ್ನು ದೊಡ್ಡ ಪರದೆಯ ಮೇಲೆ ಎಲ್ಲರೂ ಕೂಡಿ ಓದಬೇಕು. ಶಿಕ್ಷಕರು ತಾವೇ ಓದಿ ಹೇಳಬಾರದು. ಹೇಳಿದರೆ ಅದು ಕೇಳುವ ಪಾಠವಾಗುತ್ತದೆ. ಪ್ಯಾಸೇಜ್ ತೆರೆದ ಮೇಲೆ ಒಂದೆರಡು ನಿಮಿಷ ಮೌನವಾಗಿ ಓದಲು ಬಿಡಿ. ಕೊಂಡಿಗಳ ಮುಂಚೆ ಕೆಲವು ಖಾಲಿ ಸಾಲುಗಳನ್ನು ಬಿಟ್ಟಿದ್ದರೆ ಅವು ಪರದೆಯ ಕೆಳಗೆ ಅಡಗಿರುತ್ತವೆ ಮತ್ತು ಅವಸರದ ಮಕ್ಕಳ ಕಣ್ಣು ನೇರವಾಗಿ ಅಲ್ಲಿಗೆ ಹಾರುವುದಿಲ್ಲ. ಆಮೇಲೆ ಕೊಂಡಿಗಳನ್ನು ತೋರಿಸಿ ಅಭಿಪ್ರಾಯ ಕೇಳಬೇಕು, ಆದರೆ ಒಂದು ಕಟ್ಟುಪಾಡಿನೊಂದಿಗೆ: ಯಾವ ದಾರಿ ಎಂದು ಹೇಳುವವರು ತಮಗೆ ಹಾಗೆ ಅನ್ನಿಸಿದ ಸಾಲನ್ನು ಪ್ಯಾಸೇಜಿನಿಂದ ಗಟ್ಟಿಯಾಗಿ ಓದಿ ತೋರಿಸಬೇಕು.

ಒಬ್ಬಳು “ಬಿಸಿಲು ಚುರುಗುಟ್ಟುತ್ತಿತ್ತು” ಎಂಬ ಸಾಲನ್ನು ಓದಿ, ಮಳೆಯಿಲ್ಲದ ಮೇಲೆ ಹಳ್ಳ ದಾಟಲು ಏನು ಹೆದರಿಕೆ ಎಂದು ವಾದಿಸಬಹುದು. ಇನ್ನೊಬ್ಬ “ನಿನ್ನೆ ತಿಳಿಯಾಗಿದ್ದ ನೀರು” ಎಂಬಲ್ಲಿಗೆ ಬೆರಳು ತೋರಿಸಿ, ನಿನ್ನೆಯಿಂದ ಇಂದಿಗೆ ಏನೋ ಆಗಿದೆ ಎನ್ನಬಹುದು. ಇಬ್ಬರೂ ಓದಿನಿಂದಲೇ ಮಾತಾಡುತ್ತಿದ್ದಾರೆ. ಈ ಹೊತ್ತಿನಲ್ಲಿ ಶಿಕ್ಷಕರು ತೀರ್ಪು ಕೊಡದಿರುವುದು ಬಹಳ ಮುಖ್ಯ, ಮತ್ತು ಕಷ್ಟವೂ ಹೌದು. ಮುಖಭಾವದಿಂದಲೂ ಉತ್ತರ ಹೊರಬೀಳಬಾರದು. ಕಡಿಮೆ ಮಂದಿ ಒಪ್ಪಿದ ದಾರಿಯ ಪರವಾದ ಮಾತನ್ನು ಮೊದಲು ಕೇಳಿ, ಆಮೇಲೆ ಕೈಯೆತ್ತಿಸಿ, ಬಹುಮತದ ಕೊಂಡಿಯನ್ನು ಒಂದು ಮಗುವಿನಿಂದಲೇ ಒತ್ತಿಸಬೇಕು. ಕಥೆ ಮುಗಿದ ಮೇಲೆ ಹಿಂದಕ್ಕೆ ಬಂದು ಬಿಟ್ಟುಹೋದ ದಾರಿಯನ್ನೂ ಓದಿ, ಇಲ್ಲದಿದ್ದರೆ ಸೋತ ಪಕ್ಷದ ಮಕ್ಕಳಿಗೆ ಕಥೆ ಅರ್ಧವೇ ದಕ್ಕುತ್ತದೆ.

ಪದಗಳನ್ನು ಈಗಷ್ಟೇ ಬಿಡಿಸಿ ಓದುತ್ತಿರುವ ಮಕ್ಕಳಿಗೆ ಕೊಂಡಿಗಳನ್ನು ಓದುವ ಹೊಣೆ ಕೊಡಿ. ಮೂರು ನಾಲ್ಕು ಪದಗಳ ಆ ಸಾಲು ಅವರ ಶಕ್ತಿಗೆ ಮೀರಿದ್ದಲ್ಲ, ಮತ್ತು ಇಡೀ ತರಗತಿ ಅವರ ಓದಿಗಾಗಿ ಕಾಯುತ್ತದೆ. ನಿಧಾನದ ಓದುಗರಿಗೆ ತರಗತಿಯ ಮುಂದೆ ಗೌರವದ ಪಾತ್ರ ಸಿಗುವ ಸಂದರ್ಭಗಳು ನಮ್ಮ ಶಾಲೆಗಳಲ್ಲಿ ಅಪರೂಪ. ಇದನ್ನು ಕೈಬಿಡಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಜೋಡಿ ಓದಿನಲ್ಲಿ ಒಬ್ಬರು ಓದುವುದು, ಇನ್ನೊಬ್ಬರು ಮೌಸ್ ಹಿಡಿಯುವುದು, ಪ್ರತಿ ಪ್ಯಾಸೇಜಿಗೂ ಪಾತ್ರ ಬದಲಿಸುವುದು ಎಂಬ ಕ್ರಮ ಚೆನ್ನಾಗಿ ನಡೆಯುತ್ತದೆ. ಟ್ವೈನ್‌ನ ಹಾರ್ಲೋ ಎಂಬ ಕಥಾವಿನ್ಯಾಸದಲ್ಲಿ ಪರದೆಯ ಎಡಕ್ಕೆ ಹಿಂದೆ ಹೋಗುವ ಬಾಣ ಇರುತ್ತದೆ, ಆದ್ದರಿಂದ ಮಕ್ಕಳು ಓದದೆ ಒತ್ತಿ ನೋಡಿ ಹಿಂತಿರುಗುವುದೂ ಉಂಟು. ಇದನ್ನು ಬೈದು ನಿಲ್ಲಿಸಲಾಗದು. ಪ್ರತಿ ಆಯ್ಕೆಗೂ ಮುಂಚೆ, ತಾವು ಆರಿಸುವ ದಾರಿಯನ್ನೂ ಅದಕ್ಕೆ ಕಾರಣವಾದ ಸಾಲನ್ನೂ ನೋಟ್‌ಬುಕ್‌ನಲ್ಲಿ ಬರೆಯಬೇಕು ಎಂಬ ‘ದಾರಿಚೀಟಿ’ಯ ರೂಢಿ ಮಾಡಿಸಿದರೆ ಕೈ ತಾನಾಗಿ ನಿಧಾನವಾಗುತ್ತದೆ. ದಾರಿಚೀಟಿಗಳನ್ನು ಸಂಜೆ ಕೂತು ನೋಡಿದರೆ ಯಾವ ಮಗು ಸಾಲನ್ನು ಹುಡುಕಿ ಬರೆದಿದೆ, ಯಾವುದು ಪ್ಯಾಸೇಜಿನ ಮೊದಲ ಸಾಲನ್ನೇ ಪ್ರತಿ ಸಲವೂ ನಕಲು ಮಾಡಿದೆ ಎಂಬುದು ಕಿರುಪರೀಕ್ಷೆಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಮಕ್ಕಳೇ ಬರೆಯುವಾಗ

ಬರೆಸುವುದನ್ನು ಖಾಲಿ ಪರದೆಯಿಂದ ಶುರುಮಾಡಬಾರದು. ಗಂಗಿಯ ಕಥೆಗೆ ಮೂರನೆಯ ದಾರಿಯೊಂದನ್ನು ಸೇರಿಸಿ ಎಂದು ಕೇಳಿದರೆ ಸಾಕು. ಪಾತ್ರ, ಸ್ಥಳ, ಸಂಕಟ ಎಲ್ಲವೂ ಸಿದ್ಧವಿರುವುದರಿಂದ ಏಳೆಂಟು ವಾಕ್ಯ ಬರೆಯುವುದು ಯಾರಿಗೂ ಭಾರವಲ್ಲ. ಅದರ ನಂತರ ಸಿದ್ಧ ಕಥೆಯೊಂದನ್ನು ಕವಲಾಗಿಸಬಹುದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ನಾಲ್ಕು ಓದಿನ ಹಂತಗಳಾಗಿ ವಿಂಗಡಿಸಿದ ಕನ್ನಡ ಕಥೆಗಳು ಸಾಕಷ್ಟಿವೆ. ಅಲ್ಲಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುವುದರಿಂದ, ಲೇಖಕರ, ಚಿತ್ರಕಾರರ ಹಾಗೂ ಅನುವಾದಕರ ಹೆಸರನ್ನು ನಮೂದಿಸಿ ಮಾರ್ಪಡಿಸಲು ಅವಕಾಶವಿದೆ. ಪ್ರತಿ ಕಥೆಯ ಕೊನೆಯ ಪುಟದ ಪರವಾನಗಿಯ ಟಿಪ್ಪಣಿಯನ್ನು ಮಕ್ಕಳಿಂದಲೇ ಓದಿಸಿ, ಆ ಹೆಸರುಗಳನ್ನು ಮೊದಲ ಪ್ಯಾಸೇಜಿನಲ್ಲಿ ಅವರಿಂದಲೇ ಬರೆಸಬೇಕು. ಕಥೆಯಲ್ಲಿ ಯಾರಾದರೂ ಏನನ್ನಾದರೂ ನಿರ್ಧರಿಸುವ ಜಾಗವನ್ನು ಗುಂಪು ಹುಡುಕುತ್ತದೆ, ಆ ನಿರ್ಧಾರ ಬೇರೆಯಾಗಿದ್ದರೆ ಎಂದು ಯೋಚಿಸಿ ಹೊಸ ದಾರಿ ಬರೆಯುತ್ತದೆ. ಕಥೆಯ ತಿರುವು ಎಲ್ಲಿದೆ ಎಂದು ಗುರುತಿಸುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಅಭ್ಯಾಸ ನನಗೆ ಗೊತ್ತಿಲ್ಲ.

ಸ್ವಂತ ಕಥೆಯ ಹಂತಕ್ಕೆ ಬಂದಾಗ ಕಂಪ್ಯೂಟರಿಗಿಂತ ಮೊದಲು ಕಾಗದ ಬೇಕು. ರಟ್ಟಿನ ಚೀಟಿಗಳ ಮೇಲೆ ಒಂದೊಂದು ಪ್ಯಾಸೇಜ್ ಬರೆದು ನೆಲದ ಮೇಲೆ ಹರಡಿ, ದಾರಿಗಳನ್ನು ದಾರದಿಂದಲೇ ತೋರಿಸಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಕಲಿತು ಬಂದ ಮಕ್ಕಳಿಗೆ ಕಾರ್ಡುಗಳ ನಡುವೆ ಕೂತು ಕೆಲಸ ಮಾಡುವುದು ಹೊಸದಲ್ಲ. ದಾರ ತಲುಪದ ಚೀಟಿ ಯಾವುದು, ಮುಂದಕ್ಕೆ ದಾರಿಯೇ ಇಲ್ಲದ ಚೀಟಿ ಯಾವುದು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಎರಡು ದಾರಿಗಳು ಕೂಡುವ ಪ್ಯಾಸೇಜು ಮಕ್ಕಳ ಬರವಣಿಗೆಗೆ ಸಿಗುವ ಅತ್ಯುತ್ತಮ ಶಿಕ್ಷಣ. ಉದಾಹರಣೆಗೆ ಸೇತುವೆಯ ಪ್ಯಾಸೇಜಿನಲ್ಲಿ ಒಂದು ಗುಂಪು “ಗಂಗಿ ಒದ್ದೆ ಲಂಗ ಹಿಂಡಿಕೊಂಡು ಸೇತುವೆ ಹತ್ತಿದಳು” ಎಂದು ಬರೆದಿತೆನ್ನಿ. ಹಳ್ಳಕ್ಕೆ ಇಳಿದು ಬಂದ ಗಂಗಿಗೆ ಇದು ಸರಿ, ನೇರವಾಗಿ ದಿಣ್ಣೆಯ ಮೇಲೆ ಬಂದವಳ ಲಂಗ ಒದ್ದೆಯಾಗಿದ್ದು ಹೇಗೆ? ಇನ್ನೊಂದು ಗುಂಪಿನ ಓದುಗರು ಇದನ್ನು ಹಿಡಿದು ಕೇಳುತ್ತಾರೆ. ಆಗ ಬರೆದವರು ವಾಕ್ಯವನ್ನು ಎರಡಕ್ಕೂ ಹೊಂದುವಂತೆ ತಿದ್ದಬೇಕು, ಇಲ್ಲವೇ ಲಂಗ ಹಿಂಡುವ ಸಾಲನ್ನು ಹಿಂದಿನ ಪ್ಯಾಸೇಜಿಗೆ ಒಯ್ಯಬೇಕು. ‘ಬರೆದದ್ದನ್ನು ಮತ್ತೊಮ್ಮೆ ಓದಿ ತಿದ್ದಿರಿ’ ಎಂದು ನಾವು ಎಷ್ಟು ಹೇಳಿದರೂ ಮಕ್ಕಳಿಗೆ ಅದರ ಅಗತ್ಯ ಕಾಣುವುದಿಲ್ಲ. ಇಲ್ಲಿ ತಿದ್ದದಿದ್ದರೆ ಕಥೆಯೇ ಕೆಡುತ್ತದೆ, ಅದನ್ನು ಹೇಳುವವರು ಅವರದೇ ಗೆಳೆಯರು.

ಕಥೆಯನ್ನು ‘ಗಂಗಿ ಹೋದಳು’ ಎಂದು ಬರೆಯಬೇಕೋ ‘ನೀನು ಹೋದೆ’ ಎಂದು ಬರೆಯಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ಚಿಕ್ಕವರಿಗೆ ಮೊದಲನೆಯದು ಸುಲಭ. ಆರು ಏಳನೆಯ ತರಗತಿಯವರು ಒಂದು ಪ್ಯಾಸೇಜನ್ನು ‘ನೀನು’ ಎಂಬುದಕ್ಕೆ ಬದಲಾಯಿಸಿ ನೋಡಲಿ. ಕರ್ತೃವಿನೊಡನೆ ಪ್ರತಿ ಕ್ರಿಯಾಪದವೂ ಬದಲಾಗಬೇಕಾದ್ದರಿಂದ ವ್ಯಾಕರಣದ ಪಾಠ ಅಲ್ಲಿಯೇ ಆಗುತ್ತದೆ. ಪಾತ್ರಗಳ ಮಾತು ಮಕ್ಕಳ ಮನೆಯ ಕನ್ನಡದಲ್ಲಿರಲಿ. ಧಾರವಾಡದ ಮಗು “ಎಲ್ಲಿಗೆ ಹೊಂಟಿ?” ಎಂದು ಬರೆದರೆ ಅದನ್ನು ಕೆಂಪು ಶಾಯಿಯಿಂದ ಹೊಡೆಯುವುದು ಅನ್ಯಾಯ, ನಿರೂಪಣೆ ಬರಹದ ಕನ್ನಡದಲ್ಲಿರಲಿ ಎಂದು ಕೇಳಿದರೆ ಎರಡರ ವ್ಯತ್ಯಾಸ ಅವರಿಗೆ ತಾನಾಗಿ ತಿಳಿಯುತ್ತದೆ.

ಟೈಪಿಂಗ್ ಮತ್ತು ಕಾಗುಣಿತ

ಕನ್ನಡವನ್ನು ಯೂನಿಕೋಡ್‌ನಲ್ಲಿಯೇ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತದಲ್ಲಿಯೇ, ಟೈಪ್ ಮಾಡಬೇಕು. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಮಾಡಿದ ಪಠ್ಯವನ್ನು ಟ್ವೈನ್‌ಗೆ ತಂದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ; ಅದೇ ತಂತ್ರಾಂಶಗಳ ಯೂನಿಕೋಡ್ ಆಯ್ಕೆಯನ್ನು ಬಳಸಿದರೆ ತೊಂದರೆಯಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ಪದವನ್ನು ಊಹಿಸಿ ಕನ್ನಡಕ್ಕೆ ತಿರುಗಿಸುವ ಕೀಲಿಮಣೆಯನ್ನು ಮಕ್ಕಳಿಗೆ ಕೊಡಬಾರದು, ಏಕೆಂದರೆ ಅಲ್ಲಿ ಕಾಗುಣಿತದ ಕೆಲಸವನ್ನು ಯಂತ್ರ ಮಾಡುತ್ತದೆ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ, ಅಥವಾ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸುವ ನುಡಿ ಕೀಲಿಮಣೆಯಲ್ಲಿ, ‘ಅಕ್ಕ’ ಎಂದು ಬರೆಯಲು ಅ, ಕ, ಅರ್ಧಾಕ್ಷರದ ಚಿಹ್ನೆ, ಮತ್ತೆ ಕ ಎಂದು ಮಗು ಒಂದೊಂದಾಗಿ ಒತ್ತುತ್ತದೆ; ಒತ್ತಕ್ಷರ ಅದರ ಕಣ್ಣೆದುರೇ ಕೂಡಿಕೊಳ್ಳುತ್ತದೆ. ‘ಸೂರ್ಯ’ ಎಂಬಲ್ಲಿ ಇದು ಇನ್ನೂ ಉಪಯುಕ್ತ. ಕೈಬರಹದಲ್ಲಿ ಅರ್ಕಾವೊತ್ತು ಕೊನೆಗೆ ಬರುವುದರಿಂದ ಅನೇಕ ಮಕ್ಕಳು ಅದನ್ನು ಎಲ್ಲಿ ಹಾಕಬೇಕೆಂದು ತಡಬಡಿಸುತ್ತಾರೆ. ಕೀಲಿಮಣೆಯಲ್ಲಿ ಮಾತ್ರ ಉಚ್ಚಾರದ ಕ್ರಮದಲ್ಲಿಯೇ ಮೊದಲು ರಕಾರ, ಆಮೇಲೆ ಯಕಾರ ಒತ್ತಬೇಕು. ನಾಲಿಗೆಯ ಕ್ರಮವೂ ಬೆರಳಿನ ಕ್ರಮವೂ ಒಂದೇ ಎಂದು ತಿಳಿದ ಮೇಲೆ ಕೈಬರಹದ ಗೊಂದಲವನ್ನು ಬಿಡಿಸಿ ಹೇಳುವುದು ಸುಲಭ. ಹಾಗೆಂದು ಕೈಬರಹವನ್ನು ಬಿಡುವಂತಿಲ್ಲ. ಕರಡು ಯಾವಾಗಲೂ ಚೀಟಿಯ ಮೇಲೆಯೇ ಇರಲಿ.

ಕಡತಗಳನ್ನು ಉಳಿಸಿಕೊಳ್ಳುವುದು

ಬ್ರೌಸರ್‌ನಲ್ಲಿ ಬಳಸುವ ಟ್ವೈನ್ ಕಥೆಗಳನ್ನು ಆ ಬ್ರೌಸರಿನೊಳಗೇ ಇಟ್ಟುಕೊಳ್ಳುತ್ತದೆ. ಯಾರಾದರೂ ಬ್ರೌಸಿಂಗ್ ದತ್ತಾಂಶವನ್ನು ಅಳಿಸಿದರೆ ತರಗತಿಯ ಶ್ರಮವೆಲ್ಲ ಹೋಗುತ್ತದೆ. ಹಲವರು ಬಳಸುವ ಶಾಲೆಯ ಕಂಪ್ಯೂಟರಿನಲ್ಲಿ ಡೆಸ್ಕ್‌ಟಾಪ್ ಆವೃತ್ತಿಯನ್ನು ಅಳವಡಿಸಿಕೊಳ್ಳುವುದು ಒಳ್ಳೆಯದು, ಮತ್ತು ಪ್ರತಿ ಅವಧಿಯ ಕೊನೆಗೆ ‘ಲೈಬ್ರರಿ’ ವಿಭಾಗದ ‘ಆರ್ಕೈವ್’ ಒತ್ತಿ ಸಿಗುವ ಕಡತವನ್ನು ದಿನಾಂಕದೊಡನೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಕು. ಚಿತ್ರ ಅಥವಾ ಧ್ವನಿ ಸೇರಿಸಿದ್ದರೆ ಅವು ಕಥೆಯ ಕಡತದೊಳಗೆ ತಾವಾಗಿ ಸೇರುವುದಿಲ್ಲ; ಒಂದೇ ಫೋಲ್ಡರಿನಲ್ಲಿಟ್ಟು ಫೋಲ್ಡರನ್ನೇ ಒಯ್ಯಬೇಕು. ಬರಿಯ ಪಠ್ಯದ ಕಥೆಯನ್ನು ಪೋಷಕರ ಫೋನಿಗೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬಹುದು, ಅವರು ಅದನ್ನು ಬ್ರೌಸರ್‌ನಲ್ಲಿ ತೆರೆಯಬೇಕು. ಹಾಗೆ ಹೊರಗೆ ಹೋಗುವ ಕಥೆಯಲ್ಲಿ ಮಕ್ಕಳ ಪೂರ್ಣ ಹೆಸರು, ಭಾವಚಿತ್ರ, ಮನೆಯ ವಿವರ ಇರಬಾರದು.

ಕರೆಂಟು ಹೋಗುವ ದಿನಗಳಿಗಾಗಿ ‘ಬಿಲ್ಡ್’ ವಿಭಾಗದಲ್ಲಿರುವ ‘ಪ್ರೂಫ್’ ನೆರವಿಗೆ ಬರುತ್ತದೆ. ಅದನ್ನು ಒತ್ತಿದರೆ ಎಲ್ಲ ಪ್ಯಾಸೇಜುಗಳೂ ಹೆಸರಿನೊಡನೆ ಒಂದರ ಕೆಳಗೊಂದು ಕಾಣುತ್ತವೆ. ಅದನ್ನು ಮುದ್ರಿಸಿ ಕತ್ತರಿಸಿ, ಪ್ರತಿ ಪ್ಯಾಸೇಜಿಗೆ ಒಂದು ಸಂಖ್ಯೆ ಕೊಟ್ಟು, ಕೊಂಡಿಯ ಮುಂದೆ ಹೋಗಬೇಕಾದ ಸಂಖ್ಯೆಯನ್ನು ಬರೆದರೆ ಅದೇ ಕಥೆಯನ್ನು ಕಾಗದದ ಮೇಲೆ ಓದಬಹುದು. ಎರಡು ಪ್ರತಿ ಮಾಡಿಸಿದರೆ ಒಂದು ತರಗತಿಯ ಓದುಮೂಲೆಗೆ, ಇನ್ನೊಂದು ಕೆಳಗಿನ ತರಗತಿಗೆ.